ಮೂರಂತಸ್ತಿನ ಮನೆಯ ಎದುರು ಕೂತವರು

ಕಳಸದಿಂದ ಒಂದು ಕಾರ್ಡು ಬಂದಿದೆ. ನಮ್ಮ ಶಾಲೆಯಲ್ಲಿ ಬಹಳ ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವರು ಹೋದ ವಾರ ತೀರಿಕೊಂಡರು ಎಂದು ಅವರ ತಮ್ಮನ ಮಗ ಬರೆದಿದ್ದಾನೆ. 'ನಿಮ್ಮ ವಿಷಯ ಆಗಾಗ ಹೇಳುತ್ತಿದ್ದರು' ಎಂದು ಕೊನೆಗೊಂದು ಸಾಲು. ಏನು ಹೇಳುತ್ತಿದ್ದರು ಎಂದು ಬರೆದಿಲ್ಲ. ಏನು ಹೇಳಿದ್ದರೂ ಅದು ನನ್ನ ಯೋಗ್ಯತೆಗಿಂತ ಒಳ್ಳೆಯದೇ ಆಗಿರುತ್ತದೆ ಎಂದು ನನಗೆ ಗೊತ್ತು. ಅದಕ್ಕೇ ಬರೆಯಲು ಕೂತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಅವರು ತಮ್ಮ ಯಾವ ಚಿತ್ರದ ಮೇಲೂ ಹೆಸರು ಬರೆದವರಲ್ಲ. ಮೂಲೆಯಲ್ಲಿ ತಾರೀಖು ಮತ್ತು ಗಂಟೆ, ಅಷ್ಟೇ.

ಕುಳ್ಳಗಿನ ಆಳು. ಸ್ವಲ್ಪ ಮುಂದಕ್ಕೆ ಬಾಗಿದ ಬೆನ್ನು. ಬೇಸಗೆಯಲ್ಲೂ ಬಿಡದ ಕರಿ ಕೋಟು, ಅದರ ಜೇಬಿನ ತುಂಬ ಪೆನ್ಸಿಲ್ ತುಂಡುಗಳು. ಮಾತಾಡುತ್ತ ಮಾತಾಡುತ್ತ ಒಂದು ಕಣ್ಣು ಮುಚ್ಚಿ, ಕೈ ನೀಡಿ, ಹೆಬ್ಬೆರಳು ಎತ್ತಿ ಎದುರಿನವರನ್ನು ಅಳೆಯುವ ಅಭ್ಯಾಸ ಅವರಿಗಿತ್ತು. ಗೊತ್ತಿಲ್ಲದವರು ಏನೋ ಗೇಲಿ ಮಾಡುತ್ತಿದ್ದಾರೆಂದು ತಿಳಿಯುತ್ತಿದ್ದರು. ಒಮ್ಮೆ ಶಾಲೆ ತನಿಖೆಗೆ ಬಂದ ಇನ್ಸ್‌ಪೆಕ್ಟರ ಎದುರಿಗೇ ಹೆಬ್ಬೆರಳು ಎತ್ತಿಬಿಟ್ಟರು.

"ಏನ್ರೀ ಅದು?" ಎಂದರು ಇನ್ಸ್‌ಪೆಕ್ಟರು.

"ಎಂತ ಇಲ್ಲ ಸ್ವಾಮಿ. ತಲೆಯ ರುಮಾಲು ಮುಖಕ್ಕಿಂತ ದೊಡ್ಡದುಂಟಾ ಅಂತ ನೋಡಿದೆ."

"ಉಂಟೋ?"

"ಉಂಟು ಸ್ವಾಮಿ, ಒಂದು ಬೆರಳು."

ಹೆಡ್‌ಮಾಸ್ಟರಿಗೆ ಬೆವರು ಬಂತು. ಇನ್ಸ್‌ಪೆಕ್ಟರು ಒಳ್ಳೆಯವರು, ನಕ್ಕು ಮುಂದೆ ಹೋದರು. ಮೇಷ್ಟ್ರು ಮಾತ್ರ ಇದರಲ್ಲಿ ನಗುವಂಥದ್ದೇನಿದೆ ಎಂದು ನನ್ನ ಮುಖ ನೋಡಿದರು.

ಅವರ ತರಗತಿಯಲ್ಲಿ ಮೇಜಿನ ಮೇಲೆ ಯಾವಾಗಲೂ ಬಾಯಿ ಒಡೆದ ಒಂದು ಹೂಜಿ ಇರುತ್ತಿತ್ತು. ಮಕ್ಕಳು ಅದನ್ನು ನೋಡಿ ಬರೆಯಬೇಕು. ಹೊಸ ಮಕ್ಕಳೆಲ್ಲ ಅಂದವಾಗಿ, ದುಂಡಗೆ, ಒಡೆಯದ ಹೂಜಿಯನ್ನೇ ಬರೆಯುತ್ತಿದ್ದರು. ಮೇಷ್ಟ್ರು ಒಂದೊಂದೇ ಸ್ಲೇಟು ನೋಡುತ್ತ, "ಅದರ ಬಾಯಿ ಒಡೆದಿದೆಯಲ್ಲ, ನೀನ್ಯಾಕೆ ಮಾರಾಯ ರಿಪೇರಿ ಮಾಡಿದ್ದು?" ಎನ್ನುತ್ತಿದ್ದರು. ಗದರಿಕೆಯಲ್ಲ, ನಿಜವಾಗಿ ಕೇಳುವ ಪ್ರಶ್ನೆ.

ನಾನು ಅದೇ ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ವಯಸ್ಸಿನಲ್ಲಿ ಅವರಿಗಿಂತ ಹದಿನೈದು ವರ್ಷ ಚಿಕ್ಕವನು. ಆದರೂ ಅವರು ನನ್ನನ್ನು ಬಹುವಚನ ಬಿಟ್ಟು ಮಾತಾಡಿಸಿದ್ದಿಲ್ಲ.

ಎರಡನೇ ಮಹಾಯುದ್ಧಕ್ಕೆ ಒಂದೆರಡು ವರ್ಷ ಮುಂಚೆ ಚಿಕ್ಕಮಗಳೂರಿನ ಪೇಟೆಬೀದಿಯ ನಟ್ಟನಡುವೆ ಹಳೆಯ ಹೆಂಚಿನ ಮಳಿಗೆಯೊಂದನ್ನು ಕೆಡವಿ, ಕಾಫಿ ಸಾಹುಕಾರರೊಬ್ಬರು ಮೂರಂತಸ್ತಿನ ಕಟ್ಟಡ ಶುರುಮಾಡಿದರು. ಅಂಗಡಿಗಲ್ಲ, ಗೋದಾಮಿಗಲ್ಲ, ಸಂಸಾರಗಳು ಬಾಡಿಗೆಗೆ ಇರುವುದಕ್ಕೆ. ಒಂದೊಂದು ಅಂತಸ್ತಿನಲ್ಲಿ ನಾಲ್ಕು ಮನೆ. ಸಾಹುಕಾರರು ಬೊಂಬಾಯಿಗೆ ಹೋಗಿ ಅಲ್ಲಿ ಜನ ಹಾಗೆ ಒಬ್ಬರ ಮೇಲೊಬ್ಬರು ಬದುಕುವುದನ್ನು ನೋಡಿಬಂದಿದ್ದರಂತೆ. ಊರಿಗೆ ಇದು ಹೊಸದು. ಎರಡು ಅಂತಸ್ತಿನ ಮನೆಗಳಿದ್ದವು, ಆದರೆ ಕೆಳಗೂ ಮೇಲೂ ಒಂದೇ ಸಂಸಾರ. ಇದು ಹಾಗಲ್ಲ. ಕ್ಷೌರದಂಗಡಿಯಲ್ಲಿ, ಕಾಫಿ ಹೋಟೆಲಿನಲ್ಲಿ, ಕೊನೆಗೆ ನಮ್ಮ ಶಾಲೆಯ ಮೇಷ್ಟ್ರುಗಳ ಕೋಣೆಯಲ್ಲೂ ಅದೇ ಚರ್ಚೆ.

"ಮೇಲಿನ ಮನೆಯವರ ಬಚ್ಚಲು ನಮ್ಮ ದೇವರ ಗೂಡಿನ ಮೇಲೆ ಬಂದರೆ ಏನ್ರೀ ಗತಿ?" ಎಂದು ಸಂಸ್ಕೃತ ಪಂಡಿತರು ಕೇಳಿದರು.

"ಗೂಡನ್ನ ಸ್ವಲ್ಪ ಸರಿಸಿದ್ರಾಯ್ತು," ಎಂದರು ನಮ್ಮ ಮೇಷ್ಟ್ರು. ಪಂಡಿತರು ಎರಡು ದಿನ ಅವರೊಡನೆ ಮಾತು ಬಿಟ್ಟರು.

ಪಾಯ ಅಗೆದ ಮೊದಲ ಭಾನುವಾರವೇ ಮೇಷ್ಟ್ರು ಕಟ್ಟಡದ ಎದುರಿನ ಬಟ್ಟೆ ಅಂಗಡಿಯ ಜಗಲಿಯ ಮೇಲೆ ಹೋಗಿ ಕೂತರು. ತೊಡೆಯ ಮೇಲೆ ಹಲಗೆ, ಹಲಗೆಯ ಮೇಲೆ ಕಾಗದ. ಎಂಟು ಗಂಟೆಯಿಂದ ಹತ್ತರವರೆಗೆ ಕೂತು, ಬರೆದು, ಎದ್ದು ಹೋದರು. ಮುಂದಿನ ಭಾನುವಾರವೂ ಅದೇ ಜಾಗ, ಅದೇ ಹೊತ್ತು. ಅದರ ಮುಂದಿನದೂ ಹಾಗೆಯೇ. ಮಳೆ ಬಂದರೆ ಜಗಲಿಯ ಒಳಕ್ಕೆ ಒಂದು ಮೊಳ ಸರಿಯುತ್ತಿದ್ದರು. ಆ ವಾರದ ಚಿತ್ರದಲ್ಲಿ ಜಗಲಿಯ ಕಂಬ ಅಡ್ಡ ಬಂದರೆ ಕಂಬವನ್ನೂ ಬರೆಯುತ್ತಿದ್ದರು.

"ಇದರಲ್ಲಿ ಏನಿದೆ ಮೇಷ್ಟ್ರೇ ಅಷ್ಟು?" ಎಂದು ಒಮ್ಮೆ ಕೇಳಿದೆ. "ಎಷ್ಟು ಚಂದದ ಗುಡ್ಡಗಳಿವೆ ನಮ್ಮ ಸುತ್ತ. ಅದು ಬಿಟ್ಟು ಇಟ್ಟಿಗೆ ಗಾರೆ."

"ಗುಡ್ಡ ಎಲ್ಲಿಗೆ ಹೋಗ್ತದೆ? ನಾಳೆಯೂ ಇರ್ತದೆ," ಎಂದರು. "ಮರ ಬೆಳೆಯೂದನ್ನ ಪೂರ್ತಿ ನೋಡ್ಲಿಕ್ಕೆ ನನ್ನ ಆಯಸ್ಸು ಸಾಕಾಗೂದಿಲ್ಲ. ಇದು ನನ್ನ ಕಣ್ಣೆದುರೇ ಬೆಳೀತದೆ ಮಾರಾಯ್ರೆ. ಬಿಡ್ಲಿಕ್ಕಾಗ್ತದಾ?"

ತೊಲೆಯ ಹಾಗೆ ಕೂರಿಸುವ ಕಬ್ಬಿಣದ ಗರ್ಡರುಗಳು ಕಡೂರಿನವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಜೋಡೆತ್ತಿನ ಗಾಡಿಗಳಲ್ಲಿ ಬಂದವು. ಪಕ್ಕದ ಖಾಲಿ ಜಾಗದಲ್ಲಿ ಗಾರೆ ಅರೆಯುವ ಗಾಣ ಹೂಡಿದರು. ಕೆಲಸದವರು ಹತ್ತಿ ನಿಲ್ಲಲು ಬಿದಿರಿನ ಸಾರವೆ ಎದ್ದಿತು. ಕೆಲಸದ ಮೇಲೆ ಒಬ್ಬ ಮುದುಕ ಗಾರೆ ಮೇಸ್ತ್ರಿ ಇದ್ದ, ತರೀಕೆರೆ ಕಡೆಯವನು. ಅಕ್ಷರ ಬಾರದು. ಮೂರೋ ನಾಲ್ಕೋ ವಾರ ಕಳೆದ ಮೇಲೆ ಅವನು ರಸ್ತೆ ದಾಟಿ ಬಂದು ಮೇಷ್ಟ್ರ ಹೆಗಲ ಮೇಲಿಂದ ಬಗ್ಗಿ ನೋಡಿದ.

"ಸ್ವಾಮಿ, ಆ ಮೂಲೆಲಿ ಸಾರವೆ ಕಟ್ಟು ನಾಕಲ್ಲ, ಐದದೆ," ಎಂದ.

ಮೇಷ್ಟ್ರು ಎದ್ದು ನಿಂತು ಕಣ್ಣು ಕಿರಿದು ಮಾಡಿ ಎಣಿಸಿದರು. ಐದಿತ್ತು. ಅಳಿಸಿ ಐದು ಮಾಡಿದರು. ಆಮೇಲೆ ನನ್ನೊಡನೆ, "ನನ್ನ ಚಿತ್ರವನ್ನ ಇಷ್ಟು ಸರಿಯಾಗಿ ಓದಿದವರು ಇಷ್ಟು ವರ್ಷದಲ್ಲಿ ಯಾರೂ ಸಿಕ್ಕಿರ್ಲಿಲ್ಲ," ಎಂದು ಹೇಳಿಕೊಂಡರು. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಚಿತ್ರ ಮುಗಿದ ಕೂಡಲೇ ಮೇಸ್ತ್ರಿಯನ್ನು ಕೂಗಿ ತೋರಿಸುವುದು, ಅವನು ತಪ್ಪು ಹುಡುಕುವುದು, ಇವರು ತಿದ್ದುವುದು ನಡೆಯಿತು. ತಿದ್ದಿದ ಮೇಲೆ ಇಬ್ಬರೂ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುವುದು.

ಮೇಷ್ಟ್ರ ಬಿಡಾರ ದೇವಸ್ಥಾನದ ಬೀದಿಯ ಒಂದು ವಠಾರದ ಹಿಂಭಾಗದಲ್ಲಿತ್ತು. ಎರಡು ಕೋಣೆ. ಒಂದೇ ಕಿಟಕಿ, ಅದೂ ಪಕ್ಕದ ಮನೆಯ ಗೋಡೆಗೆ ತೆರೆಯುವುದು. ಅವರ ಹೆಂಡತಿಗೆ ಉಬ್ಬಸ. ಮಳೆಗಾಲ ಬಂದರೆ ಮಲಗುವ ಹಾಗಿಲ್ಲ, ಗೋಡೆಗೆ ಒರಗಿ ಕೂತೇ ಇರಬೇಕು. ಗಾಳಿ ಬಿಸಿಲು ಬರುವ ಮನೆ ನೋಡಿ ಎಂದು ಡಾಕ್ಟರು ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದರು. ಮಕ್ಕಳಿರಲಿಲ್ಲ. ಆಕೆ ಮನೆ ಬಿಟ್ಟು ಹೊರಗೆ ಬರುವುದೇ ಅಪರೂಪ. ಭಾನುವಾರ ಗಂಡ ತರುವ ಚಿತ್ರವೇ ಆಕೆಗೆ ಪೇಟೆ. ನಾನು ಅಲ್ಲಿಗೆ ಹೋದಾಗೆಲ್ಲ ಚಿತ್ರ ಹಿಡಿದು ಏನಾದರೊಂದು ಕೇಳುತ್ತಿದ್ದರು.

"ಈ ಹೆಂಗಸು ಯಾರು, ತಲೆ ಮೇಲೆ ಬಾಣಲೆ ಹೊತ್ತವಳು? ಹೋದ ವಾರವೂ ಇವಳೇ ಇದ್ಲು ಅಲ್ದಾ?"

"ಅವಳು ಲಕ್ಕಮ್ಮ. ಗಾರೆ ಹೊರೂದು."

"ನಡಿಗೆ ಚಂದ ಉಂಟು ಇವಳದ್ದು."

ಎಲ್ಲ ಹಾಳೆಗಳನ್ನೂ ಒಂದರ ಮೇಲೊಂದು ಜೋಡಿಸಿ ಬೆರಳಲ್ಲಿ ಸರಸರ ಬಿಟ್ಟರೆ ಕಟ್ಟಡ ನೆಲದಿಂದ ಮೇಲೆದ್ದು ಬರುತ್ತಿತ್ತು. ಆಕೆ ಅದನ್ನು ನೋಡಿ ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದರು, ನಗು ಕೆಮ್ಮಾಗಿ ನಿಲ್ಲುತ್ತಿತ್ತು.

ಎರಡನೇ ಅಂತಸ್ತು ಮುಗಿಯುವ ಹೊತ್ತಿಗೆ ಒಂದು ಭಾನುವಾರ ಸಾಹುಕಾರರ ಕಾರು ಜಗಲಿಯ ಮುಂದೆ ನಿಂತಿತು. ಚಿತ್ರ ನೋಡಿದರು. ತಮ್ಮ ಕಟ್ಟಡ ಕಾಗದದ ಮೇಲೆ ಕಂಡು ಅವರಿಗೆ ಬಹಳ ಸಂತೋಷವಾಯಿತು. "ಮುಗಿದ ಮೇಲೆ ದೊಡ್ಡದಾಗಿ ಒಂದು ಬರ್ದುಕೊಡಿ ಮೇಷ್ಟ್ರೇ. ನಿಮಗೇನು ಬೇಕು ಹೇಳಿ," ಎಂದರು. ಮೇಷ್ಟ್ರು ಜೀವನದಲ್ಲಿ ಮೊದಲನೇ ಸಲವೋ ಏನೋ, ತಮಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳಿದರು. ಮೂರನೇ ಅಂತಸ್ತಿನಲ್ಲಿ ಪೂರ್ವಕ್ಕೆ ಕಿಟಕಿ ಇರುವ ಮನೆ, ತಮ್ಮ ಸಂಬಳಕ್ಕೆ ಎಟಕುವ ಬಾಡಿಗೆಗೆ. ಸಾಹುಕಾರರು ಆಗಲಿ ಎಂದರು.

ಆ ಸಂಜೆ ಮನೆಗೆ ಹೋಗಿ ಹೇಳಿದಾಗ ಆಕೆ ಕೇಳಿದ್ದು ಒಂದೇ ಮಾತಂತೆ: "ಮೆಟ್ಟಿಲು ಎಷ್ಟು?" ಮೇಷ್ಟ್ರು ಮರುದಿನ ಹೋಗಿ ಮೇಸ್ತ್ರಿಯನ್ನು ಕೇಳಿಕೊಂಡು ಬಂದರು. ನಲವತ್ತೆಂಟು. ಮಾರನೇ ದಿನದಿಂದ ಆಕೆ ವಠಾರದ ಬಾವಿಕಟ್ಟೆಯ ಮೂರು ಮೆಟ್ಟಿಲನ್ನು ಹತ್ತಿ ಇಳಿದು ಅಭ್ಯಾಸಮಾಡಲು ಶುರುಮಾಡಿದರು. ದಿನಕ್ಕೆ ಎರಡು ಸಲ, ಮೂರು ಸಲ. ನೀರಿಗೆ ಬಂದ ಹೆಂಗಸರು ನಕ್ಕರೆ ತಾವೂ ನಗುತ್ತಿದ್ದರು.

ಇನ್ನು ನಡೆದದ್ದನ್ನು ಹೇಳಬೇಕು.

ಮಹಡಿಯ ನೆಲ ಹಾಕುವ ಕ್ರಮ ಹೀಗೆ: ಗರ್ಡರಿನಿಂದ ಗರ್ಡರಿಗೆ ಇಟ್ಟಿಗೆಯ ಸಣ್ಣ ಸಣ್ಣ ಕಮಾನು ಕೂರಿಸಿ ಗಾರೆ ತುಂಬುವುದು. ಆ ಗಾರೆ ಗಟ್ಟಿಯಾಗುವವರೆಗೆ ಅಡಿಯಲ್ಲಿ ಹಲಗೆ, ಹಲಗೆಗೆ ಆಸರೆಯಾಗಿ ಮರದ ಗಳಗಳು. ಕಡಮೆಯೆಂದರೂ ಒಂದು ತಿಂಗಳು ಅವನ್ನು ಮುಟ್ಟಬಾರದು ಎಂದು ಮುದುಕ ಮೇಸ್ತ್ರಿಯ ಲೆಕ್ಕ. ಮೂರನೇ ಅಂತಸ್ತಿನ ನೆಲಕ್ಕೆ ಮುಂಭಾಗದ ಕಮಾನುಗಳನ್ನು ಶಿವರಾತ್ರಿ ಕಳೆದ ಮೇಲೆ ಹಾಕಿದರು. ಮಳೆಗಾಲಕ್ಕೆ ಮುಂಚೆ ಸೂರು ಮುಚ್ಚಬೇಕೆಂದು ಸಾಹುಕಾರರ ಅವಸರ. ಕೆಲಸ ಹಿಡಿದಿದ್ದ ಕಂಟ್ರಾಕ್ಟರಿಗೆ ಮರ ಸಾಲದು. ಎರಡೇ ವಾರಕ್ಕೆ ಮುಂಭಾಗದ ಆಸರೆಗಳನ್ನು ಬಿಚ್ಚಿಸಿ ಹಿಂಭಾಗಕ್ಕೆ ಒಯ್ದುಬಿಟ್ಟ. ಆ ಭಾನುವಾರ ಮೇಸ್ತ್ರಿ ಜಗಲಿಗೆ ಬಂದಾಗ ಎಲೆ ಅಡಿಕೆ ಮುಟ್ಟಲಿಲ್ಲವಂತೆ. "ಬ್ಯಾಡ ಅಂದೆ ಸ್ವಾಮಿ. ಎಳೆ ಕೂಸಿನ ಕೈ ಬಿಟ್ಟು ನಿಲ್ಸಿದಂಗಾತು," ಎಂದನಂತೆ.

ಮತ್ತೆ ಮೂರು ವಾರ ಏನೂ ಆಗಲಿಲ್ಲ. ಆಮೇಲೆ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಿತ್ತು. ತೋಟದವರೆಲ್ಲ ಖುಷಿಯಾಗಿದ್ದರು. ಎರಡು ದಿನ ನೆಂದ ಆ ಕಮಾನುಗಳ ಮೇಲೆ ಇಟ್ಟಿಗೆ ರಾಶಿ ಹಾಕಿದ್ದರು. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಒಂದು ಭಾಗ ಕುಸಿದು ಕೆಳಗಿನ ಅಂತಸ್ತಿಗೆ ಬಿತ್ತು. ಶಾಲೆಯವರೆಗೆ ಸದ್ದು ಕೇಳಿಸಿತು. ಕೆಳಗೆ ಗಾರೆ ಹೊತ್ತು ಹೋಗುತ್ತಿದ್ದ ಲಕ್ಕಮ್ಮ ಸತ್ತಳು. ಇನ್ನೊಬ್ಬನ ಕಾಲು ಮುರಿಯಿತು.

ಸಂಜೆಯೊಳಗೆ ಪೊಲೀಸರು ಮೇಸ್ತ್ರಿಯನ್ನು ಹಿಡಿದೊಯ್ದರು. ಕಂಟ್ರಾಕ್ಟರ ಹೇಳಿಕೆ ಹೀಗಿತ್ತು: ಆಸರೆ ಪೂರ್ತಿ ಒಂದು ತಿಂಗಳು ಇತ್ತು, ಬಿಚ್ಚಿ ನಾಲ್ಕು ದಿನವಾಗಿತ್ತು ಅಷ್ಟೇ; ಮುದುಕ ಗಾರೆ ಸರಿಯಾಗಿ ಕಲಸಿಲ್ಲ, ಕಮಾನು ಕೂರಿಸಿದ್ದೇ ತಪ್ಪು. ಕೂಲಿಯವರು ಯಾರೂ ಬಾಯಿ ಬಿಡಲಿಲ್ಲ. ಬಿಟ್ಟರೆ ಮರುದಿನ ಕೆಲಸವಿಲ್ಲ. ಬಟ್ಟೆ ಅಂಗಡಿಯವನು ತಾನು ಯಾವತ್ತೂ ಮೇಲೆ ತಲೆ ಎತ್ತಿ ನೋಡಿಲ್ಲ ಎಂದ.

ಮೂರನೆಯ ದಿನ ಸಾಹುಕಾರರು ನಮ್ಮ ಶಾಲೆಗೆ ಬಂದರು. ಬಿಡುವಿನ ಹೊತ್ತು, ಕೋಣೆಯಲ್ಲಿ ಇದ್ದದ್ದು ಮೇಷ್ಟ್ರು ಮತ್ತು ನಾನು. ಸಾಹುಕಾರರು ಕೆಟ್ಟವರೆಂದು ನಾನು ಈಗಲೂ ಹೇಳಲಾರೆ. ಸತ್ತವಳ ಮನೆಗೆ ಅವರು ಹೋಗಿ ಬಂದಿದ್ದರು. ಮುಖ ಬಾಡಿತ್ತು. ಕೂತು, ನೀರು ಕುಡಿದು, ಮೆಲ್ಲಗೆ ಹೇಳಿದರು.

"ಮೇಷ್ಟ್ರೇ, ಆ ಚಿತ್ರಗಳನ್ನೆಲ್ಲ ನನಗೆ ಕೊಟ್ಬಿಡಿ. ಒಳ್ಳೆ ಚೌಕಟ್ಟು ಹಾಕಿಸಿ ಇಟ್ಕೊತೀನಿ. ನಿಮ್ಮ ಹತ್ರ ಇದ್ರೆ ಗೆದ್ದಲು ಹಿಡೀತದೆ. ಪೂರ್ವದ ಮನೆ ನಿಮ್ಮದೇ, ಅದರಲ್ಲಿ ಎರಡು ಮಾತಿಲ್ಲ. ಮನೆಯವರ ಆರೋಗ್ಯ ಹೇಗಿದೆ ಈಗ?"

"ಹಾಗೇ ಉಂಟು," ಎಂದರು ಮೇಷ್ಟ್ರು. "ಚಿತ್ರ... ನೋಡ್ತೇನೆ."

ಸಾಹುಕಾರರು ಹೋದ ಮೇಲೆ ಮೇಷ್ಟ್ರು ಬಹಳ ಹೊತ್ತು ಪೆನ್ಸಿಲ್ ಹೆರೆಯುತ್ತಾ ಕೂತರು. ಹೆರೆದು ಹೆರೆದು ತುಂಡೇ ಮುಗಿಯಿತು. ನಾನೇ ಮಾತು ತೆಗೆದೆ. ಆ ಮಾತುಗಳನ್ನು ಇಲ್ಲಿ ಬದಲಿಸದೆ ಬರೆಯುತ್ತೇನೆ.

"ಕೊಟ್ಬಿಡಿ ಮೇಷ್ಟ್ರೇ. ಮುದುಕನಿಗೆ ಅಬ್ಬಬ್ಬಾ ಅಂದ್ರೆ ಒಂದು ವರ್ಷ ಆಗ್ಬಹುದು. ನಿಮ್ಮ ಮನೆಯವರು ಇನ್ನೊಂದು ಮಳೆಗಾಲ ಆ ಕತ್ತಲೆ ಕೋಣೇಲಿ ಹೇಗೆ ಕಳೀತಾರೆ? ಹೋದ ಜೀವ ಅಂತೂ ವಾಪಸು ಬರೋದಿಲ್ಲ."

"ಅದು ಹೌದು," ಎಂದರು. ಪೆನ್ಸಿಲ್ ಸಿಪ್ಪೆ ಒಟ್ಟುಮಾಡುತ್ತ, "ನಾಡಿದ್ದು ಮ್ಯಾಜಿಸ್ಟ್ರೇಟರ ಎದುರು ವಿಚಾರಣೆ ಉಂಟಂತೆ. ನನಗೆ ಅಂಥ ಕಡೆ ಮಾತಾಡಿ ಅಭ್ಯಾಸ ಇಲ್ಲ. ಹೋಗೂದಾದ್ರೆ... ನೀವು ಜೊತೆಗೆ ಬರ್ತೀರಾ? ಸುಮ್ನೆ ಪಕ್ಕದಲ್ಲಿ ನಿಂತ್ರೆ ಸಾಕು," ಎಂದರು.

ನನಗೆ ಹೊಸದಾಗಿ ಮದುವೆಯಾಗಿತ್ತು. ಶಾಲೆಯ ಕಮಿಟಿಯಲ್ಲಿ ಸಾಹುಕಾರರ ಮಾತು ನಡೆಯುತ್ತಿತ್ತು. "ಆ ದಿನ ಪರೀಕ್ಷೆ ಪೇಪರು ತಿದ್ದೋದಿದೆ ಮೇಷ್ಟ್ರೇ," ಎಂದೆ. ಪೇಪರುಗಳನ್ನು ತಿದ್ದಿ ಹೆಡ್‌ಮಾಸ್ಟರಿಗೆ ಒಪ್ಪಿಸಿ ಆಗಿತ್ತು.

"ಹೌದಾ. ಹಾಗಾದ್ರೆ ಎಂತ ಮಾಡೂದು," ಎಂದು ಅವರು ಛತ್ರಿ ತೆಗೆದುಕೊಂಡು ಎದ್ದರು.

ವಿಚಾರಣೆಯ ದಿನ ಕಚೇರಿಯ ಮುಂದೆ ಜನ ನೆರೆದಿತ್ತು. ನಾನೂ ಹೋದೆ. ಯಾಕೆ ಹೋದೆ ಎನ್ನುವುದನ್ನು ಮುಂದೆ ಹೇಳುತ್ತೇನೆ. ಒಳಗೆ ಹೋಗದೆ ಜಗಲಿಯ ಕಿಟಕಿಯ ಪಕ್ಕ, ನಾಲ್ಕು ಜನರ ಹಿಂದೆ ನಿಂತೆ. ಸ್ವಲ್ಪ ಹೊತ್ತಿಗೆ ಮೇಷ್ಟ್ರು ಬಂದರು. ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ಕಟ್ಟು. ಪಕ್ಕದಲ್ಲಿ ಅವರ ಹೆಂಡತಿ. ಪರಿಚಯವಾದ ಮೂರು ವರ್ಷದಲ್ಲಿ ಆಕೆಯನ್ನು ನಾನು ರಸ್ತೆಯಲ್ಲಿ ಕಂಡದ್ದು ಅದೇ ಮೊದಲು. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಅವರು ನಿಂತಾಗ ಮೇಷ್ಟ್ರೂ ನಿಲ್ಲುತ್ತಿದ್ದರು.

ಒಳಗೆ ಮೇಷ್ಟ್ರ ಮಾತು ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ. ತೊದಲುತ್ತಿದ್ದರು. ಎಂಟು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಈ ಭಾನುವಾರ ಕಮಾನು ಹಾಕಿದ್ದಾರೆ, ಆಸರೆ ಉಂಟು. ಇದರಲ್ಲೂ ಉಂಟು. ಎರಡು ವಾರ ಕಳೆದ ಮೇಲಿನ ಈ ಚಿತ್ರದಲ್ಲಿ ಮುಂಭಾಗದ ಆಸರೆ ಇಲ್ಲ, ಹಿಂದೆ ಹೋಗಿದೆ.

ಕಂಟ್ರಾಕ್ಟರ ವಕೀಲರು ಎದ್ದರು. "ತಾರೀಖನ್ನ ಯಾರು ಬೇಕಾದ್ರೂ ಯಾವತ್ತು ಬೇಕಾದ್ರೂ ಬರೀಬಹುದು. ಮೇಷ್ಟ್ರು ಮೊನ್ನೆ ಮನೇಲಿ ಕೂತು ಇದನ್ನ ಬರೆದಿಲ್ಲ ಅನ್ನೋದಕ್ಕೆ ಏನು ಸಾಕ್ಷಿ?"

ತಾವು ನೋಡದ್ದನ್ನು ಬರೆಯಬಹುದು ಎಂಬ ಯೋಚನೆಯೇ ಮೇಷ್ಟ್ರ ತಲೆಗೆ ಯಾವತ್ತೂ ಬಂದದ್ದಲ್ಲ. ಹಾಳೆಗಳನ್ನೇ ನೋಡುತ್ತ ನಿಂತರು. ಆಗ ಹಿಂದಿನ ಬೆಂಚಿನಿಂದ ಅವರ ಹೆಂಡತಿ ಎದ್ದು ಬಂದು ಕೋಟಿನ ತೋಳು ಹಿಡಿದು ಜಗ್ಗಿದರು. ಮೆಲ್ಲಗೆ ಹೇಳಿದ್ದು, ಆದರೆ ಕೋಣೆ ಸದ್ದಿಲ್ಲದೆ ಇದ್ದುದರಿಂದ ನನಗೂ ಕೇಳಿಸಿತು.

"ದೀಪದ ಕಂಬ. ಕಂಬ ತೋರ್ಸಿ."

ಆಸರೆ ತೆಗೆದಿದ್ದ ಆ ಚಿತ್ರದಲ್ಲಿ, ಕಟ್ಟಡದ ಮುಂದಿನ ಮುನಿಸಿಪಾಲಿಟಿಯ ದೀಪದ ಕಂಬ ಬೀದಿಯ ಕಡೆಗೆ ವಾಲಿತ್ತು. ಅದರ ಹಿಂದಿನ ಶುಕ್ರವಾರ ಕಾಫಿ ಮೂಟೆಯ ಲಾರಿಯೊಂದು ಅದಕ್ಕೆ ಗುದ್ದಿತ್ತು. ಮಂಗಳವಾರ ನೆಟ್ಟಗೆ ನಿಲ್ಲಿಸಿದರು. ನಡುವೆ ಬಂದದ್ದು ಒಂದೇ ಭಾನುವಾರ. ಹಿಂದಿನ ಚಿತ್ರದಲ್ಲಿ ಕಂಬ ನೆಟ್ಟಗಿತ್ತು, ಮುಂದಿನದರಲ್ಲೂ ನೆಟ್ಟಗಿತ್ತು. ಚಿತ್ರ ಮನೆಗೆ ಬಂದ ದಿನ ಆಕೆ, ಇದ್ಯಾಕೆ ವಾಲಿದೆ ಎಂದು ಕೇಳಿದ್ದರಂತೆ. ಮ್ಯಾಜಿಸ್ಟ್ರೇಟರು ಕನ್ನಡಕ ಏರಿಸಿ ಮೂರೂ ಹಾಳೆ ನೋಡಿದರು. ಮುನಿಸಿಪಾಲಿಟಿಗೆ ಆಳು ಕಳಿಸಿ ರಿಜಿಸ್ಟರು ತರಿಸಿದರು. ಕಂಬ ರಿಪೇರಿಯ ತಾರೀಖು ಸರಿಹೋಯಿತು.

"ನೋಡದೆ ಬರೆಯುವವರು ವಾಲಿದ ಕಂಬ ಬರೆಯುವುದಿಲ್ಲ," ಎಂದು ಮ್ಯಾಜಿಸ್ಟ್ರೇಟರು ವಕೀಲರಿಗೆ ಹೇಳಿದರು.

ಆಮೇಲೆ ಕೂಲಿಯವರಲ್ಲಿ ಇಬ್ಬರು ಬಾಯಿಬಿಟ್ಟರು. ಮೇಸ್ತ್ರಿ ಬಿಡುಗಡೆಯಾದ. ಕಂಟ್ರಾಕ್ಟರಿಗೆ ಶಿಕ್ಷೆಯಾಯಿತು. ಮೇಸ್ತ್ರಿ ಊರಿಗೆ ಹೋಗುವ ಮುಂಚೆ ಮೇಷ್ಟ್ರ ಮನೆಗೆ ಬಂದು, ಏನು ಹೇಳಬೇಕೋ ತಿಳಿಯದೆ, ಹೆಂಚು ಸರಿಸಿ ಸೂರಿನ ಸೋರಿಕೆ ನೋಡಿ, ಅರ್ಧ ದಿನ ಕೂತು ಎಲ್ಲ ಸರಿಮಾಡಿ ಹೋದ.

ಕಟ್ಟಡದ ಕೆಲಸ ನಿಂತಿತು. ಅದೇ ವರ್ಷ ಯುದ್ಧ ಶುರುವಾಗಿ ಕಬ್ಬಿಣ ಸಿಮೆಂಟು ಸಿಗದ ಹಾಗಾಯಿತು. ಮೂರಂತಸ್ತಿನ ಮನೆ ಎರಡೂವರೆ ಅಂತಸ್ತಿನಲ್ಲೇ ವರ್ಷಗಟ್ಟಲೆ ಬಾಯಿ ತೆರೆದು ನಿಂತಿತು. ಪೂರ್ವದ ಮನೆಯ ಮಾತನ್ನು ಯಾರೂ ಎತ್ತಲಿಲ್ಲ. ಜೂನ್ ತಿಂಗಳಲ್ಲಿ ಮೇಷ್ಟ್ರಿಗೆ ಮೂಡಿಗೆರೆಗೆ ವರ್ಗವಾಯಿತು. ಅದಕ್ಕೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ; ಊರಿನವರು ಇತ್ತು ಎಂದರು. ಚಿಕ್ಕಮಗಳೂರಿನ ಮಳೆ ತಡೆಯದ ಹೆಂಗಸು ಮೂಡಿಗೆರೆಯ ಮಳೆಗೆ ಹೋದರು. ಎರಡನೆಯ ಮಳೆಗಾಲದಲ್ಲಿ ತೀರಿಕೊಂಡರು. ನಾನು ಕಾಗದ ಬರೆದೆ. ಬಸ್ಸಿನಲ್ಲಿ ಒಂದು ಹೊತ್ತಿನ ದಾರಿ, ಹೋಗಲಿಲ್ಲ.

ಅಲ್ಲಿಯೂ ಅವರು ಭಾನುವಾರ ಚಿತ್ರ ಬರೆಯುತ್ತಿದ್ದರೆಂದು ಆ ಶಾಲೆಯವರು ಹೇಳುತ್ತಿದ್ದರು. ಏನನ್ನು ಎಂದು ಕೇಳಿದರೆ, ಒಬ್ಬರು ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಹೊಸ ಬಾವಿ ಎಂದರು, ಇನ್ನೊಬ್ಬರು ಸೇತುವೆ ಎಂದರು.

ಯುದ್ಧ ಮುಗಿದ ಮೇಲೆ ಸಾಹುಕಾರರ ಮಗ ಬೇರೆಯವರಿಗೆ ಕೆಲಸ ಒಪ್ಪಿಸಿ ಕಟ್ಟಡ ಮುಗಿಸಿದ. ಮನೆಗಳು ಬಾಡಿಗೆಗೆ ಬಂದವು. ಆ ವೇಳೆಗೆ ನನಗೆ ಎರಡು ಮಕ್ಕಳು, ಶಾಲೆಯಲ್ಲಿ ಒಂದು ಮೆಟ್ಟಿಲು ಮೇಲಿನ ಹುದ್ದೆ. ಅರ್ಜಿ ಹಾಕಿದೆ. ಮೂರನೇ ಅಂತಸ್ತಿನ ಪೂರ್ವದ ಮನೆ ಸಿಕ್ಕಿತು. ಬೇರೆ ಯಾವುದಾದರೂ ಕೊಡಿ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಬೆಳಗ್ಗೆ ಅಡುಗೆಮನೆಯವರೆಗೆ ಬಿಸಿಲು ಬರುತ್ತದೆ. ನನ್ನ ಹೆಂಡತಿಗೆ ಬಹಳ ಇಷ್ಟ.

ಹೋದ ವರ್ಷ ಪೆನ್ಷನ್ ಕಾಗದದ ಕೆಲಸಕ್ಕೆ ಮೇಷ್ಟ್ರು ಚಿಕ್ಕಮಗಳೂರಿಗೆ ಬಂದರು. ಆಗಲೇ ಕಳಸದಲ್ಲಿ ತಮ್ಮನ ಮನೆಗೆ ಸೇರಿಕೊಂಡಿದ್ದರು. ನನ್ನ ವಿಳಾಸ ಕೇಳಿಕೊಂಡು, ಒಂದೊಂದು ಮೆಟ್ಟಿಲೂ ಕೈಯೂರಿ ಹತ್ತಿ ಬಂದು ಬಾಗಿಲಲ್ಲಿ ನಿಂತರು. ಕೋಟು ಅದೇ. ನನಗೆ ಮುಖ ಎತ್ತಲಾಗಲಿಲ್ಲ. ಅವರು ಒಳಗೆ ಬಂದು ಮೊದಲು ನೋಡಿದ್ದು ತಲೆಯ ಮೇಲಿನ ಕಮಾನುಗಳನ್ನು. ಆಮೇಲೆ ನೇರ ಕಿಟಕಿಯ ಹತ್ತಿರ ಹೋದರು.

"ಒಳ್ಳೆ ಬೆಳಕು," ಎಂದರು. "ಮಕ್ಕಳಿಗೆ ಒಳ್ಳೇದಾಯ್ತು."

ಹೆಂಡತಿ ಕಾಫಿ ಕೊಟ್ಟು ಒಳಗೆ ಹೋದಳು. ನನ್ನಿಂದ ತಡೆಯಲಾಗಲಿಲ್ಲ. "ಮೇಷ್ಟ್ರೇ, ಆ ದಿನ ಪೇಪರು ತಿದ್ದೋದು ಏನೂ ಇರ್ಲಿಲ್ಲ," ಎಂದೆ.

ಅವರು ಲೋಟ ಕೆಳಗಿಟ್ಟು ನಕ್ಕರು. "ಗೊತ್ತುಂಟಲ್ಲ ಮಾರಾಯ್ರೆ. ನೀವು ಬಂದಿದ್ರಿ. ಕಿಟಕಿ ಹತ್ರ ನಿಂತಿದ್ರಿ. ನಾನು ನೋಡ್ಲಿಲ್ಲ, ನಮ್ಮ ಮನೆಯವಳು ನೋಡಿದ್ಲು. 'ನಿಮ್ಮ ಕನ್ನಡ ಮೇಷ್ಟ್ರು ಬಂದಿದ್ದಾರೆ, ಹೆದರ್ಬೇಡಿ' ಅಂತ ಹೇಳಿದ್ಲು. ನಾನು ಎದ್ದು ಹೋಗಿ ಚಿತ್ರ ಇಟ್ಟದ್ದೇ ಆಮೇಲೆ."

ಅದನ್ನು ಹಾಗೆಯೇ ಬಿಟ್ಟಿದ್ದರೆ ಆಗುತ್ತಿತ್ತು. ಅವರಿಗೂ ಸಮಾಧಾನ, ನನಗೂ. ಆದರೆ ಆ ಮುಖದ ಮುಂದೆ ಕೂತು ಸುಳ್ಳನ್ನು ಎರಡನೇ ಸಲ ಇಟ್ಟುಕೊಳ್ಳಲು ನನ್ನಿಂದಾಗಲಿಲ್ಲ.

"ನಾನು ನಿಮಗೋಸ್ಕರ ಬಂದಿರ್ಲಿಲ್ಲ ಮೇಷ್ಟ್ರೇ. ಸಾಹುಕಾರರು ಶಾಲೆಗೆ ಬಂದು ಕೇಳಿದ ದಿನ ನಾನೂ ಆ ಕೋಣೇಲಿದ್ದೆನಲ್ಲ. ನೀವು ಅದನ್ನ ಹೇಳಿ, ನನ್ನ ಹೆಸರೂ ಎತ್ತುತ್ತೀರೋ ಅಂತ ಭಯ. ಅದನ್ನ ಕೇಳೋಕೆ ಬಂದು ನಿಂತಿದ್ದೆ."

ಮೇಷ್ಟ್ರು ಎದ್ದರು. ಕಿಟಕಿಯ ಸರಳು ಹಿಡಿದು ಬೀದಿ ನೋಡುತ್ತಾ ನಿಂತರು. ಕೆಳಗೆ ಬಟ್ಟೆ ಅಂಗಡಿಯವನು ಯಾರೊಂದಿಗೋ ಜೋರಾಗಿ ಚೌಕಾಶಿ ಮಾಡುತ್ತಿದ್ದ. ಚೌಕಾಶಿ ಮುಗಿದ ಮೇಲೆ ಇತ್ತ ತಿರುಗಿದರು. ಕಣ್ಣು ಒದ್ದೆಯಾಗಿತ್ತು, ಯಾರನ್ನು ನೆನೆದು ಎಂದು ನಾನು ಕೇಳಲಿಲ್ಲ.

"ಇರ್ಲಿ," ಎಂದರು. "ನೀವು ಯಾಕೆ ಬಂದಿದ್ರಿ ಅನ್ನೂದು ನಮಗೆ ಗೊತ್ತಿರ್ಲಿಲ್ಲ. ಬಂದದ್ದು ಗೊತ್ತಿತ್ತು. ಆ ಹೊತ್ತಿಗೆ ನಮಗೆ ಅಷ್ಟು ಸಾಕಾಯ್ತು."

ಆಮೇಲೆ ತಣ್ಣಗಾದ ಕಾಫಿ ಕುಡಿದು ಮುಗಿಸಿದರು. ಕಳಸದ ಬಸ್ಸಿಗೆ ಹೊತ್ತಾಗಿತ್ತು. ಹತ್ತುವಾಗಿನದಕ್ಕಿಂತ ಇಳಿಯುವಾಗ ಅವರಿಗೆ ಮೆಟ್ಟಿಲು ಕಷ್ಟ. ಕೇಳದೆಯೇ ನನ್ನ ಹೆಗಲ ಮೇಲೆ ಕೈ ಇಟ್ಟರು. ನಾನು ಒಂದು ಮೆಟ್ಟಿಲು ಮುಂದೆ, ಅವರು ಒಂದು ಮೆಟ್ಟಿಲು ಹಿಂದೆ, ಮೂರು ಅಂತಸ್ತನ್ನೂ ಹಾಗೆಯೇ ಇಳಿದೆವು.